ಒಳಗಿನ ಮೆಥಡ್‌ಗಳಿಗೆಲ್ಲ ಸಿಗಬೇಕು, ಹೊರಗಿನವರಿಗೆ ಸಿಗಬಾರದು: ಕ್ಲಾಸ್‌ನಲ್ಲಿ ಪ್ರೈವೇಟ್ ವೇರಿಯಬಲ್ ಬರೆಯುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವವರು ಜಾವಾ ಶುರು ಮಾಡಿದ ಹೊಸತರಲ್ಲೇ ಕೇಳುವ ಪ್ರಶ್ನೆ ಇದು: “ಒಂದು ಮೆಥಡ್‌ನಲ್ಲಿ ಇಟ್ಟ ವ್ಯಾಲ್ಯೂ ಪಕ್ಕದ ಮೆಥಡ್‌ಗೆ ಯಾಕೆ ಸಿಗ್ತಿಲ್ಲ?” ಉತ್ತರ ಹೇಳುವ ಮೊದಲೇ ಇನ್ನೊಂದು ಪ್ರಶ್ನೆ ಬರುತ್ತದೆ: “ಪಬ್ಲಿಕ್ ಮಾಡ್ಲಾ? ಇಲ್ಲಾ ಸ್ಟ್ಯಾಟಿಕ್ ಹಾಕ್ಲಾ?” ಎರಡೂ ಬೇಡ. ಬೇಕಾಗಿರುವುದು ಒಂದೇ ಒಂದು ಸಾಲು, ಆದರೆ ಅದು ಸರಿಯಾದ ಜಾಗದಲ್ಲಿ ಇರಬೇಕು. ಆ ಸಾಲನ್ನು ಎಲ್ಲಿ ಬರೆಯಬೇಕು, ಬರೆದ ಮೇಲೆ ಎಲ್ಲೆಲ್ಲಿ ಕೈಕೊಡುತ್ತದೆ ಎಂದು ಇಲ್ಲಿ ನೋಡೋಣ.

ಉದಾಹರಣೆಗೆ ಒಂದು ಕಾಫಿ ಗೋದಾಮು ಇಟ್ಟುಕೊಳ್ಳೋಣ. ನಮ್ಮ ಕಡೆ ಕಾಫಿ ರೇಟು ಹೇಳುವುದೇ 50 ಕೆಜಿ ಮೂಟೆ ಲೆಕ್ಕದಲ್ಲಿ, ಅಲ್ವಾ? ಹಾಗಾಗಿ ಗೋದಾಮಿನಲ್ಲಿ ಎಷ್ಟು ಮೂಟೆ ಇದೆ ಅನ್ನುವುದೇ ನಮ್ಮ ವೇರಿಯಬಲ್, ಅಂದರೆ ವ್ಯಾಲ್ಯೂ ಇಡಲು ಹೆಸರು ಕೊಟ್ಟ ಜಾಗ. ಮೂಟೆ ಒಳಗೆ ಹಾಕಬೇಕು, ಹೊರಗೆ ಕೊಡಬೇಕು, ಎಷ್ಟಿದೆ ಅಂತ ಹೇಳಬೇಕು. ಮೂರು ಕೆಲಸಕ್ಕೆ ಮೂರು ಮೆಥಡ್. ಮೂರಕ್ಕೂ ಬೇಕಾದ ಲೆಕ್ಕ ಒಂದೇ.

ಕೋಡ್ ಬಗ್ಗೆ ಒಂದು ಮಾತು. ಓದಲು ಸುಲಭವಾಗಲಿ ಎಂದು ಇಲ್ಲಿ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಕ್ಲಾಸ್, ಪ್ರೈವೇಟ್, ಇಂಟ್, ದಿಸ್, ರಿಟರ್ನ್ ಮುಂತಾದ ಕೀವರ್ಡ್‌ಗಳನ್ನು, ಅಂದರೆ ಜಾವಾ ತನಗೇ ಮೀಸಲಿಟ್ಟ ಪದಗಳನ್ನು, ಇಂಗ್ಲಿಷ್ ಸ್ಪೆಲಿಂಗ್‌ನಲ್ಲೇ ಹಾಕಬೇಕು. ಗೋದಾಮು, ಮೂಟೆ ಎನ್ನುವಂಥ ನಾವೇ ಇಟ್ಟ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಬಿಟ್ಟರೂ ಜಾವಾ ಒಪ್ಪುತ್ತದೆ, ಫೈಲನ್ನು ಯೂಟಿಎಫ್-8 (ಕನ್ನಡ ಅಕ್ಷರಗಳನ್ನೂ ಉಳಿಸಿಡುವ ವಿಧಾನ) ಆಗಿ ಸೇವ್ ಮಾಡಿರಬೇಕು. ಲ್ಯಾಬ್ ರೆಕಾರ್ಡಿಗೆ ಬೇಕಿದ್ದರೆ ಅವನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿಕೊಳ್ಳಿ.

ಏನೇನು ಗೊತ್ತಿರಬೇಕು?

ಜಾವಾ ಇನ್‌ಸ್ಟಾಲ್ ಆಗಿರುವ ಒಂದು ಕಂಪ್ಯೂಟರ್ ಬೇಕು. ಜೊತೆಗೆ ಕೆಲವು ಪದಗಳ ಅರ್ಥ ಗೊತ್ತಿರಬೇಕು. ಕ್ಲಾಸ್ ಎಂದರೆ ನಕ್ಷೆ: ಗೋದಾಮು ಹೇಗಿರಬೇಕು ಅನ್ನುವ ವಿವರಣೆ. ಆಬ್ಜೆಕ್ಟ್ ಎಂದರೆ ಆ ನಕ್ಷೆಯ ಪ್ರಕಾರ ತಯಾರಾದ ಒಂದೊಂದು ಗೋದಾಮು. ಸಕಲೇಶಪುರದ್ದು ಒಂದು ಆಬ್ಜೆಕ್ಟ್, ಮೂಡಿಗೆರೆಯದು ಇನ್ನೊಂದು. ಮೆಥಡ್ ಎಂದರೆ ಆ ಗೋದಾಮು ಮಾಡಬಲ್ಲ ಕೆಲಸ. ಕನ್‌ಸ್ಟ್ರಕ್ಟರ್ ಎಂದರೆ ಆಬ್ಜೆಕ್ಟ್ ಹುಟ್ಟುವಾಗ ಒಂದು ಸಲ ಮಾತ್ರ ಓಡುವ ಕೋಡ್. ಕ್ಲಾಸಿನ ಹೆಸರೇ ಅದಕ್ಕೂ ಹೆಸರು.

ಸ್ಕೋಪ್ ಅನ್ನುವ ಪದವನ್ನು ಮಾತ್ರ ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಒಂದು ಹೆಸರು ಎಲ್ಲಿಂದ ಎಲ್ಲಿಯವರೆಗೆ ಚಲಾವಣೆಯಲ್ಲಿರುತ್ತದೆ ಅನ್ನುವುದೇ ಅದರ ಸ್ಕೋಪ್. ಮೆಥಡ್ ಒಳಗೆ ಹುಟ್ಟಿದ ವೇರಿಯಬಲ್‌ಗೆ ಲೋಕಲ್ ವೇರಿಯಬಲ್ ಅನ್ನುತ್ತಾರೆ. ಆ ಮೆಥಡ್ ಮುಗಿದ ಕೂಡಲೇ ಅದರ ಕಥೆಯೂ ಮುಗಿಯಿತು. ಪಕ್ಕದ ಮೆಥಡ್‌ನಲ್ಲಿ ಆ ಹೆಸರು ಹಿಡಿದು ಕರೆದರೆ ಕಂಪೈಲರ್ (ಕೋಡ್ ಓಡುವ ಮೊದಲು ಅದನ್ನು ಪರಿಶೀಲಿಸಿ ಅನುವಾದಿಸುವ ಪ್ರೋಗ್ರಾಮ್) “ಕೆನಾಟ್ ಫೈಂಡ್ ಸಿಂಬಲ್” ಅನ್ನುತ್ತದೆ, ಅಂದರೆ ‘ಈ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಅಂತ. ಕ್ಲಾಸ್ ಒಳಗೆ, ಆದರೆ ಎಲ್ಲ ಮೆಥಡ್‌ಗಳ ಹೊರಗೆ ಹುಟ್ಟಿದ ವೇರಿಯಬಲ್‌ಗೆ ಫೀಲ್ಡ್ ಅನ್ನುತ್ತಾರೆ. ಆಬ್ಜೆಕ್ಟ್ ಇರುವಷ್ಟು ದಿನ ಅದೂ ಇರುತ್ತದೆ. ನಮಗೆ ಬೇಕಾಗಿರುವುದು ಇದೇ.

1. ಯಾವುದು ಫೀಲ್ಡ್ ಆಗಬೇಕು ಅಂತ ಮೊದಲು ಯೋಚಿಸಿ

ಮೆಥಡ್ ಮುಗಿದ ಮೇಲೂ ನೆನಪಿನಲ್ಲಿ ಉಳಿಯಬೇಕಾದದ್ದು ಮಾತ್ರ ಫೀಲ್ಡ್ ಆಗಲಿ. ಮೂಟೆ ಲೆಕ್ಕ ಉಳಿಯಬೇಕು. ಈಗ ಎಷ್ಟು ಮೂಟೆ ತಂದಿದ್ದಾರೆ ಅನ್ನುವುದು ಆ ಹೊತ್ತಿಗೆ ಬಂದು ಹೋಗುವ ಸಂಖ್ಯೆ. ಅದನ್ನು ಪ್ಯಾರಾಮೀಟರ್ ಆಗಿ, ಅಂದರೆ ಮೆಥಡ್ ಹೆಸರಿನ ಮುಂದೆ ಬ್ರಾಕೆಟ್‌ನಲ್ಲಿ ಕೊಟ್ಟರೆ ಸಾಕು. ಒಂದು ಮೆಥಡ್‌ನಿಂದ ಇನ್ನೊಂದಕ್ಕೆ ದಾಟಿಸಲು ಸುಲಭ ಅಂತ ಸಿಕ್ಕಿದ್ದನ್ನೆಲ್ಲ ಫೀಲ್ಡ್ ಮಾಡುವವರು ಜಾಸ್ತಿ. ಲೂಪ್‌ನ ಎಣಿಕೆಯನ್ನೂ ಫೀಲ್ಡ್ ಮಾಡಿದ ಕೋಡ್ ನೋಡಿದ್ದೇನೆ. ಆಗ ಯಾವ ಮೆಥಡ್ ಯಾವಾಗ ಏನನ್ನು ಬದಲಾಯಿಸಿತು ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

2. ಕ್ಲಾಸ್ ಒಳಗೆ, ಮೆಥಡ್‌ಗಳ ಹೊರಗೆ ಒಂದು ಸಾಲು ಬರೆಯಿರಿ

ಕ್ಲಾಸ್ ಗೋದಾಮು {
    ಪ್ರೈವೇಟ್ ಇಂಟ್ ಮೂಟೆ;
}

ಡಿಕ್ಲೇರ್ ಮಾಡುವುದು ಅಂದರೆ ಇಷ್ಟೇ. ಪ್ರೈವೇಟ್ ಅನ್ನುವುದು ಯಾರಿಗೆ ಕಾಣಬೇಕು ಅಂತ ಹೇಳುತ್ತದೆ, ಇಂಟ್ ಅನ್ನುವುದು ಇದು ಪೂರ್ಣಾಂಕ ಅಂತ ಹೇಳುತ್ತದೆ, ಮೂಟೆ ಅದರ ಹೆಸರು. ಈ ಸಾಲನ್ನು ಕ್ಲಾಸಿನ ಆರಂಭದಲ್ಲೇ ಬರೆಯಬೇಕು ಎಂಬ ಕಾನೂನಿಲ್ಲ, ಕೊನೆಯಲ್ಲಿ ಬರೆದರೂ ನಡೆಯುತ್ತದೆ. ಆದರೂ ಮೇಲೆಯೇ ಬರೆಯಿರಿ. ಓದುವವರ ಕಣ್ಣು ಮೊದಲು ಹುಡುಕುವುದು ಅಲ್ಲೇ.

ಪ್ರೈವೇಟ್ ಸಾಲನ್ನು ಮೆಥಡ್ ಒಳಗೆ ಬರೆದರೆ ಜಾವಾ “ಇಲ್ಲೀಗಲ್ ಸ್ಟಾರ್ಟ್ ಆಫ್ ಎಕ್ಸ್‌ಪ್ರೆಷನ್” ಎಂದು ಬೈಯುತ್ತದೆ. ಆ ಮೆಸೇಜ್ ನೋಡಿದರೆ ಎಲ್ಲೋ ಸೆಮಿಕೋಲನ್ ಬಿಟ್ಟುಹೋಗಿದೆ ಅನ್ನಿಸುತ್ತದೆ, ಹುಡುಗರು ಅದನ್ನೇ ಹುಡುಕುತ್ತಾ ಕೂರುತ್ತಾರೆ. ನಿಜವಾದ ತೊಂದರೆ ಬೇರೆ: ಲೋಕಲ್ ವೇರಿಯಬಲ್ ಹೇಗಿದ್ದರೂ ಹೊರಗೆ ಕಾಣುವುದಿಲ್ಲ, ಅದಕ್ಕೆ ಪ್ರೈವೇಟ್ ಹಾಕುವುದಕ್ಕೆ ಅರ್ಥವೇ ಇಲ್ಲ. ಆ ಪದವನ್ನು ಅಳಿಸಬೇಡಿ, ಇಡೀ ಸಾಲನ್ನು ಮೆಥಡ್‌ನಿಂದ ಹೊರಗೆ ತನ್ನಿ.

ಪ್ರೈವೇಟ್ ಎಂದು ಬರೆಯದೇ ಬಿಟ್ಟರೆ? ಜಾವಾದಲ್ಲಿ ಅದು ಪ್ರೈವೇಟ್ ಆಗುವುದಿಲ್ಲ. ಅದೇ ಪ್ಯಾಕೇಜ್‌ನಲ್ಲಿರುವ, ಅಂದರೆ ಒಂದೇ ಗುಂಪಿಗೆ ಸೇರಿದ, ಎಲ್ಲ ಕ್ಲಾಸ್‌ಗಳಿಗೂ ಕಾಣುತ್ತದೆ. ಲ್ಯಾಬ್‌ನಲ್ಲಿ ನಾವು ಎಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟಿರುತ್ತೇವೆ. ಹಾಗಾಗಿ ಎಲ್ಲರಿಗೂ ಕಂಡ ಹಾಗೇ ಆಯಿತು.

3. ಕನ್‌ಸ್ಟ್ರಕ್ಟರ್‌ನಲ್ಲಿ ಮೊದಲ ವ್ಯಾಲ್ಯೂ ಕೊಡಿ. ಟೈಪ್ ಮತ್ತೆ ಬರೆಯಬೇಡಿ!

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸರಿಯಾದದ್ದು ಹೀಗೆ:

ಗೋದಾಮು(ಇಂಟ್ ಶುರು) {
    ದಿಸ್.ಮೂಟೆ = ಶುರು;
}

ದಿಸ್ ಎಂದರೆ ‘ಈಗ ಕೆಲಸ ಮಾಡುತ್ತಿರುವ ಈ ಆಬ್ಜೆಕ್ಟ್’. ಈಗ ತಪ್ಪಾದದ್ದನ್ನು ನೋಡಿ:

ಗೋದಾಮು(ಇಂಟ್ ಶುರು) {
    ಇಂಟ್ ಮೂಟೆ = ಶುರು;
}

ಇದು ಕಂಪೈಲ್ ಆಗುತ್ತದೆ. ಓಡುತ್ತದೆ ಕೂಡ. ಎಲ್ಲೂ ಕೆಂಪು ಗೆರೆ ಬರುವುದಿಲ್ಲ. ಆದರೆ 40 ಮೂಟೆ ಕೊಟ್ಟು ಗೋದಾಮು ತಯಾರು ಮಾಡಿ, ಎಷ್ಟಿದೆ ಅಂತ ಕೇಳಿದರೆ 0 ಅನ್ನುತ್ತದೆ. ಕಾರಣ ಮೊದಲಲ್ಲಿ ಸೇರಿಕೊಂಡ ‘ಇಂಟ್’ ಎಂಬ ಒಂದೇ ಪದ. ಟೈಪ್ ಬರೆದ ಕೂಡಲೇ ಜಾವಾ ಅದನ್ನು ಹೊಸ ಲೋಕಲ್ ವೇರಿಯಬಲ್ ಅಂದುಕೊಳ್ಳುತ್ತದೆ. 40 ಹೋಗಿ ಕೂತಿದ್ದು ಅದರಲ್ಲಿ. ಕನ್‌ಸ್ಟ್ರಕ್ಟರ್ ಮುಗಿಯಿತು, ಲೋಕಲ್ ಹೋಯಿತು, ಅದರ ಜೊತೆ 40 ಕೂಡ ಹೋಯಿತು. ಮೇಲಿನ ಫೀಲ್ಡ್ ಮಾತ್ರ ಏನೂ ಗೊತ್ತಿಲ್ಲದ ಹಾಗೆ ತನ್ನ 0 ಹಿಡಿದುಕೊಂಡು ಕೂತಿದೆ. ವ್ಯಾಲ್ಯೂ ಕೊಡದ ಫೀಲ್ಡ್‌ಗಳಿಗೆ ಜಾವಾ ತಾನೇ 0, ಫಾಲ್ಸ್ ಅಥವಾ ನಲ್ ತುಂಬುತ್ತದೆ. ಹೀಗೆ ಫೀಲ್ಡ್‌ನ ಹೆಸರಿನದೇ ಲೋಕಲ್ ಬಂದು ಫೀಲ್ಡನ್ನು ಮರೆಮಾಡುವುದಕ್ಕೆ ಶ್ಯಾಡೋಯಿಂಗ್ ಅನ್ನುತ್ತಾರೆ.

ಇದೇ ತಪ್ಪಿಗೆ ಇನ್ನೊಂದು ರೂಪವಿದೆ. ಪ್ಯಾರಾಮೀಟರ್‌ಗೂ ಮೂಟೆ ಅಂತಲೇ ಹೆಸರಿಟ್ಟು, ಒಳಗೆ ‘ಮೂಟೆ = ಮೂಟೆ;’ ಎಂದು ಬರೆಯುವುದು. ಆಗ ಎರಡೂ ಕಡೆ ಇರುವುದು ಪ್ಯಾರಾಮೀಟರ್ರೇ. ಅದನ್ನು ಅದಕ್ಕೇ ಕೊಟ್ಟ ಹಾಗಾಯಿತು, ಫೀಲ್ಡ್‌ಗೆ ಏನೂ ಸೇರಲಿಲ್ಲ. ಎಡಗಡೆ ದಿಸ್ ಹಾಕಿದರೆ ಸರಿಹೋಗುತ್ತದೆ. ನನ್ನ ಸಲಹೆ ಕೇಳಿದರೆ, ಕನ್‌ಸ್ಟ್ರಕ್ಟರ್‌ನಲ್ಲಿ ಕಣ್ಣು ಮುಚ್ಚಿಕೊಂಡು ದಿಸ್ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಬೇರೆ ಮೆಥಡ್‌ಗಳಲ್ಲಿ ಅದೇ ಹೆಸರಿನ ಲೋಕಲ್ ಇಲ್ಲದಿದ್ದರೆ ಬರೆಯದಿದ್ದರೂ ನಡೆಯುತ್ತದೆ.

4. ಮೆಥಡ್‌ಗಳಲ್ಲಿ ಬಳಸಿ, ನಿಯಮವನ್ನೂ ಅಲ್ಲೇ ಇಡಿ

ವಾಯ್ಡ್ ಹಾಕು(ಇಂಟ್ ಎಷ್ಟು) {
    ಇಫ್ (ಎಷ್ಟು <= 0) ರಿಟರ್ನ್;
    ಮೂಟೆ = ಮೂಟೆ + ಎಷ್ಟು;
}

ಬೂಲಿಯನ್ ಕೊಡು(ಇಂಟ್ ಎಷ್ಟು) {
    ಇಫ್ (ಎಷ್ಟು <= 0 || ಎಷ್ಟು > ಮೂಟೆ) ರಿಟರ್ನ್ ಫಾಲ್ಸ್;
    ಮೂಟೆ = ಮೂಟೆ - ಎಷ್ಟು;
    ರಿಟರ್ನ್ ಟ್ರೂ;
}

ಇಂಟ್ ಎಷ್ಟಿದೆ() {
    ರಿಟರ್ನ್ ಮೂಟೆ;
}

ಮೂರೂ ಮೆಥಡ್ ಒಂದೇ ಮೂಟೆಯನ್ನು ಮುಟ್ಟುತ್ತಿವೆ. ಯಾವುದರಲ್ಲೂ ಇಂಟ್ ಮೂಟೆ ಅಂತ ಮತ್ತೆ ಬರೆದಿಲ್ಲ, ಗಮನಿಸಿ. ವಾಯ್ಡ್ ಎಂದರೆ ಈ ಮೆಥಡ್ ಏನನ್ನೂ ವಾಪಸ್ ಕೊಡುವುದಿಲ್ಲ ಅಂತ. ಬೂಲಿಯನ್ ಎಂದರೆ ಆಯಿತು ಅಥವಾ ಆಗಲಿಲ್ಲ, ಎರಡರಲ್ಲಿ ಒಂದು.

ಇಷ್ಟಕ್ಕೆಲ್ಲ ಪ್ರೈವೇಟ್ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ‘ಕೊಡು’ ಮೆಥಡ್‌ನ ಮೊದಲ ಸಾಲಿನಲ್ಲಿದೆ. ಇರುವುದಕ್ಕಿಂತ ಹೆಚ್ಚು ಮೂಟೆ ಹೊರಗೆ ಹೋಗಬಾರದು, ಇದು ನಮ್ಮ ನಿಯಮ. ಮೂಟೆ ಪಬ್ಲಿಕ್ ಆಗಿದ್ದರೆ ಪ್ರೋಗ್ರಾಮ್‌ನ ಯಾವ ಮೂಲೆಯಿಂದ ಬೇಕಾದರೂ ಯಾರಾದರೂ ಅದಕ್ಕೆ ಸುಮ್ನೆ -15 ಎಂದು ಬರೆದು ಹೋಗಬಹುದು. ಕಾಫಿ ತೋಟದಲ್ಲಿ ಲೆಕ್ಕದ ಪುಸ್ತಕ ರೈಟರ್ ಕೈಯಲ್ಲೇ ಇರುತ್ತದಲ್ಲ, ಹಾಗೆ. ಮೂಟೆ ಹೊರುವವರು ಬಂದು ಸಂಖ್ಯೆ ಹೇಳಬಹುದು, ಪುಸ್ತಕದಲ್ಲಿ ತಿದ್ದುವ ಹಾಗಿಲ್ಲ. ಲೆಕ್ಕ ತಪ್ಪಿದರೆ ಕೇಳಬೇಕಾದವರು ಒಬ್ಬರೇ. ನಮ್ಮ ಪ್ರೋಗ್ರಾಮ್‌ನಲ್ಲೂ ಮೂಟೆ ಲೆಕ್ಕ ಎಡವಟ್ಟಾದರೆ ನೋಡಬೇಕಾದದ್ದು ಈ ಒಂದು ಕ್ಲಾಸ್ ಮಾತ್ರ. ಪ್ರೋಗ್ರಾಮ್‌ನ ಪ್ರತಿ ಭಾಗವೂ ತನ್ನ ಒಳಗಿನ ನಿರ್ಧಾರಗಳನ್ನು ಮುಚ್ಚಿಟ್ಟುಕೊಳ್ಳಬೇಕು ಎಂದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಬರೆದಿದ್ದರು. ಜಾವಾ ಹೊರಬಂದದ್ದು 1995ರಲ್ಲಿ.

5. ಬೇರೆ ಕ್ಲಾಸ್‌ನಿಂದಲೇ ಪರೀಕ್ಷೆ ಮಾಡಿ

“ಪ್ರೈವೇಟ್ ಹಾಕಿದ್ರೂ ಮೇನ್‌ನಿಂದ ಮುಟ್ಟೋಕೆ ಆಗ್ತಿದೆ, ಜಾವಾನೇ ಸರಿ ಇಲ್ಲ” ಅನ್ನುವ ದೂರು ಆಗಾಗ ಬರುತ್ತದೆ. ಅವರ ಕೋಡ್ ತೆಗೆದು ನೋಡಿದರೆ ಮೇನ್ ಮೆಥಡ್, ಅಂದರೆ ಪ್ರೋಗ್ರಾಮ್ ಶುರುವಾಗುವ ಜಾಗ, ಗೋದಾಮು ಕ್ಲಾಸಿನ ಒಳಗೇ ಇರುತ್ತದೆ. ಒಳಗಿದ್ದವರಿಗೆ ಪ್ರೈವೇಟ್ ಕಾಣಲೇಬೇಕಲ್ಲ! ಇನ್ನೊಂದು ಕ್ಲಾಸ್ ಬರೆದು ಮೇನ್ ಅನ್ನು ಅಲ್ಲಿಗೆ ಸಾಗಿಸಿ:

ಕ್ಲಾಸ್ ಪರೀಕ್ಷೆ {
    ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್(ಸ್ಟ್ರಿಂಗ್[] ಆರ್ಗ್ಸ್) {
        ಗೋದಾಮು ಸಕಲೇಶಪುರ = ನ್ಯೂ ಗೋದಾಮು(40);
        ಸಕಲೇಶಪುರ.ಹಾಕು(12);
        ಸಿಸ್ಟಮ್.ಔಟ್.ಪ್ರಿಂಟ್‌ಎಲ್‌ಎನ್(ಸಕಲೇಶಪುರ.ಎಷ್ಟಿದೆ());
        ಸಕಲೇಶಪುರ.ಮೂಟೆ = 500;
    }
}

ಕೊನೆಯ ಸಾಲಿಗೆ ಕಂಪೈಲರ್ “ಮೂಟೆ ಹ್ಯಾಸ್ ಪ್ರೈವೇಟ್ ಆಕ್ಸೆಸ್ ಇನ್ ಗೋದಾಮು” ಎಂದು ತಡೆಯಬೇಕು. ತಡೆದರೆ ನಿಮ್ಮ ಕೆಲಸ ಸರಿಯಾಗಿದೆ. ಆ ಸಾಲು ಅಳಿಸಿ ಓಡಿಸಿದರೆ 52 ಬರುತ್ತದೆ.

6. ಸ್ಟ್ಯಾಟಿಕ್ ಹಾಕಬೇಕು ಅನ್ನಿಸಿದಾಗ ಕೈ ತಡೆಯಿರಿ

ಸ್ಟ್ಯಾಟಿಕ್ ಹಾಕುವವರು ಬೇಕಂತಲೇ ಹಾಕುವುದಿಲ್ಲ, ಒಂದು ಎರರ್ ಅವರನ್ನು ಅಲ್ಲಿಗೆ ತಳ್ಳುತ್ತದೆ. ಮೇನ್ ಅದೇ ಕ್ಲಾಸಿನಲ್ಲಿದ್ದು, ಆಬ್ಜೆಕ್ಟ್ ತಯಾರು ಮಾಡದೆ ನೇರವಾಗಿ ‘ಮೂಟೆ’ ಅಂತ ಬರೆದರೆ, ನಾನ್-ಸ್ಟ್ಯಾಟಿಕ್ ವೇರಿಯಬಲ್ ಅನ್ನು ಸ್ಟ್ಯಾಟಿಕ್ ಜಾಗದಿಂದ ಮುಟ್ಟುವಂತಿಲ್ಲ ಎಂದು ಜಾವಾ ಹೇಳುತ್ತದೆ. ಇದನ್ನು ಓದಿದವರಿಗೆ ‘ಓ, ಸ್ಟ್ಯಾಟಿಕ್ ಹಾಕಿದರೆ ಆಯಿತು’ ಅನ್ನಿಸುವುದು ಸಹಜ. ಹಾಕುತ್ತಾರೆ. ಎರರ್ ಹೋಗುತ್ತದೆ. ತೊಂದರೆ ಶುರುವಾಗುವುದೇ ಆಮೇಲೆ.

ಸ್ಟ್ಯಾಟಿಕ್ ಫೀಲ್ಡ್ ಆಬ್ಜೆಕ್ಟ್‌ಗೆ ಸೇರಿದ್ದಲ್ಲ, ಇಡೀ ಕ್ಲಾಸಿಗೆ ಒಂದೇ. ಪರೀಕ್ಷೆ ಮಾಡಿ ನೋಡಿ. ಮೂಟೆಗೆ ಸ್ಟ್ಯಾಟಿಕ್ ಹಾಕಿ, ಸಕಲೇಶಪುರವನ್ನು 40 ಮೂಟೆಯಿಂದ ಶುರು ಮಾಡಿ, ಅದರ ನಂತರ ಮೂಡಿಗೆರೆಯನ್ನು 25ರಿಂದ. ಈಗ ಎರಡನ್ನೂ ಕೇಳಿ. ಎರಡೂ 25 ಅನ್ನುತ್ತವೆ. ಮೂಡಿಗೆರೆಯಲ್ಲಿ ಬರೆದದ್ದು ಸಕಲೇಶಪುರದ ಲೆಕ್ಕವನ್ನು ಅಳಿಸಿತು. ಒಂದೇ ಆಬ್ಜೆಕ್ಟ್ ಇರುವ ಲ್ಯಾಬ್ ಪ್ರೋಗ್ರಾಮ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಎರಡನೆಯ ಆಬ್ಜೆಕ್ಟ್ ಬಂದ ದಿನ ಗೊತ್ತಾಗುತ್ತದೆ. ಮೆಥಡ್‌ಗಳ ನಡುವೆ ಹಂಚಿಕೊಳ್ಳುವುದು ಬೇರೆ, ಆಬ್ಜೆಕ್ಟ್‌ಗಳ ನಡುವೆ ಹಂಚಿಕೊಳ್ಳುವುದು ಬೇರೆ. ನಮಗೆ ಬೇಕಿದ್ದದ್ದು ಮೊದಲನೆಯದು. ಆ ಎರರ್‌ಗೆ ಸರಿಯಾದ ಔಷಧಿ, ಮೇನ್‌ನಲ್ಲಿ ನ್ಯೂ ಬಳಸಿ ಒಂದು ಆಬ್ಜೆಕ್ಟ್ ತಯಾರು ಮಾಡುವುದು.

ಸ್ಟ್ಯಾಟಿಕ್ ನಿಜವಾಗಿ ಬೇಕಾಗುವ ಜಾಗವೂ ಇದೆ. ಮೂಟೆ ಒಂದಕ್ಕೆ 50 ಕೆಜಿ ಅನ್ನುವುದು ಎಲ್ಲ ಗೋದಾಮಿಗೂ ಒಂದೇ, ಬದಲಾಗುವುದೂ ಇಲ್ಲ. ಅದನ್ನು ‘ಪ್ರೈವೇಟ್ ಸ್ಟ್ಯಾಟಿಕ್ ಫೈನಲ್ ಇಂಟ್ ತೂಕ = 50;’ ಎಂದು ಬರೆಯಿರಿ. ಫೈನಲ್ ಎಂದರೆ ಒಮ್ಮೆ ಕೊಟ್ಟ ಮೇಲೆ ಬದಲಿಸುವಂತಿಲ್ಲ.

7. ಗೆಟ್ಟರ್ ಬೇಕಿದ್ದರೆ ಬರೆಯಿರಿ, ಸೆಟ್ಟರ್ ಬರೆಯುವ ಮೊದಲು ಯೋಚಿಸಿ

ಗೆಟ್ಟರ್ ಎಂದರೆ ವ್ಯಾಲ್ಯೂ ಓದಿ ಹೇಳುವ ಮೆಥಡ್. ನಮ್ಮ ‘ಎಷ್ಟಿದೆ’ ಅಂಥದ್ದೇ. ಸೆಟ್ಟರ್ ಎಂದರೆ ಹೊರಗಿನಿಂದ ಹೊಸ ವ್ಯಾಲ್ಯೂ ಹಾಕಲು ಬಿಡುವ ಮೆಥಡ್. ಎಕ್ಲಿಪ್ಸ್, ಇಂಟೆಲಿಜೆಯಂಥ ಸಾಫ್ಟ್‌ವೇರ್‌ಗಳಲ್ಲಿ ಎರಡನ್ನೂ ಒಂದೇ ಕ್ಲಿಕ್‌ನಲ್ಲಿ ತಯಾರಿಸಿಕೊಳ್ಳಬಹುದು. ಆ ಸೌಲಭ್ಯದಿಂದ ಆದ ಹಾನಿ ಸ್ವಲ್ಪವೇನಲ್ಲ ಅಂತ ನನ್ನ ಅಭಿಪ್ರಾಯ. ಯಾವ ನಿಯಮವೂ ಇಲ್ಲದ ಸೆಟ್ಟರ್ ಬರೆದ ಮೇಲೆ ಪ್ರೈವೇಟ್ ಹಾಕಿದ್ದು ಹೆಸರಿಗೆ ಮಾತ್ರ. ಗೋದಾಮಿನಲ್ಲಿ ಯಾರೂ ‘ಮೂಟೆಯನ್ನು 500 ಮಾಡು’ ಅನ್ನುವುದಿಲ್ಲ. ಹಾಕು ಅನ್ನುತ್ತಾರೆ, ಕೊಡು ಅನ್ನುತ್ತಾರೆ. ಮೆಥಡ್‌ಗಳೂ ಹಾಗೇ ಇರಲಿ.

ಗೆಟ್ಟರ್‌ನಲ್ಲೂ ಒಂದು ಹಳ್ಳವಿದೆ. ಇಂಟ್ ಥರದ ಸಾದಾ ಸಂಖ್ಯೆ ವಾಪಸ್ ಕೊಟ್ಟರೆ ಅದರ ನಕಲು ಹೋಗುತ್ತದೆ, ಭಯವಿಲ್ಲ. ಆದರೆ ಮೂಟೆ ಬಂದಾಗಲೆಲ್ಲ ಬರೆದಿಟ್ಟ ಚೀಟಿಗಳ ಪಟ್ಟಿಯೊಂದು ಪ್ರೈವೇಟ್ ಲಿಸ್ಟ್ ಆಗಿದೆ ಅಂದುಕೊಳ್ಳಿ. ಗೆಟ್ಟರ್ ಆ ಲಿಸ್ಟನ್ನೇ ನೇರವಾಗಿ ಕೊಟ್ಟರೆ, ತೆಗೆದುಕೊಂಡವರು ಅದರ ಮೇಲೆ ಕ್ಲಿಯರ್ ಎಂದು ಕರೆದು ಎಲ್ಲ ಚೀಟಿಯನ್ನೂ ಖಾಲಿ ಮಾಡಬಹುದು. ಫೀಲ್ಡ್ ಪ್ರೈವೇಟ್, ಆದರೆ ಒಳಗಿದ್ದದ್ದು ಬೀದಿಗೆ ಬಂತು. ಫೈನಲ್ ಹಾಕಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಫೈನಲ್ ತಡೆಯುವುದು ಬೇರೆ ಲಿಸ್ಟ್ ತಂದು ಇಡುವುದನ್ನು ಮಾತ್ರ. ಹಾಗಾಗಿ ‘ರಿಟರ್ನ್ ಲಿಸ್ಟ್.ಕಾಪಿಆಫ್(ಚೀಟಿಗಳು);’ ಎಂದು ಬದಲಿಸಲಾಗದ ನಕಲನ್ನು ಕೊಡಿ. ಜಾವಾ 10ರಿಂದ ಇದು ಸಿಗುತ್ತದೆ. ಕನ್‌ಸ್ಟ್ರಕ್ಟರ್‌ಗೆ ಹೊರಗಿನಿಂದ ಲಿಸ್ಟ್ ಬಂದರೂ ನಕಲು ಮಾಡಿಕೊಂಡೇ ಇಟ್ಟುಕೊಳ್ಳಿ. ಅದಕ್ಕೆ ಮುಂದೆ ಚೀಟಿ ಸೇರಿಸಬೇಕಲ್ಲ, ಹಾಗಾಗಿ ಅಲ್ಲಿ ‘ನ್ಯೂ ಅರೇಲಿಸ್ಟ್’ ಬಳಸಿ ನಕಲು ಮಾಡಿ.

ಇನ್ನು ಆಗಾಗ ಬರುವ ಮೂರು ಅನುಮಾನ

ಒಂದು ಗೋದಾಮು ಇನ್ನೊಂದು ಗೋದಾಮಿನ ಪ್ರೈವೇಟ್ ಮೂಟೆಯನ್ನು ನೋಡಬಹುದೇ? ಜಾವಾದಲ್ಲಿ ನೋಡಬಹುದು. ಪ್ರೈವೇಟ್ ಬೇಲಿ ಹಾಕುವುದು ಕ್ಲಾಸಿನ ಸುತ್ತ, ಪ್ರತಿ ಆಬ್ಜೆಕ್ಟ್ ಸುತ್ತ ಅಲ್ಲ. ಆದ್ದರಿಂದ ಸಕಲೇಶಪುರದಿಂದ ಮೂಡಿಗೆರೆಗೆ ಮೂಟೆ ಸಾಗಿಸುವ ಮೆಥಡ್ ಗೋದಾಮು ಕ್ಲಾಸಿನಲ್ಲೇ ಇದ್ದು, ಮೂಡಿಗೆರೆ ಅದಕ್ಕೆ ‘ಬೇರೆ’ ಎಂಬ ಪ್ಯಾರಾಮೀಟರ್ ಆಗಿ ಬಂದಿದ್ದರೆ, ‘ಬೇರೆ.ಮೂಟೆ’ ಎಂದು ಬರೆದರೆ ತಪ್ಪಾಗುವುದಿಲ್ಲ. ಆದರೂ ‘ಬೇರೆ.ಹಾಕು(ಎಷ್ಟು)’ ಎಂದು ಬರೆಯುವುದು ಒಳ್ಳೆಯದು, ನಿಯಮ ತಪ್ಪಿಹೋಗುವುದಿಲ್ಲ.

ಮಗ ಕ್ಲಾಸಿಗೆ, ಅಂದರೆ ಎಕ್ಸ್‌ಟೆಂಡ್ಸ್ ಬಳಸಿ ಬರೆದ ಸಬ್‌ಕ್ಲಾಸಿಗೆ ಸಿಗುತ್ತದೆಯೇ? ನೇರವಾಗಿ ಸಿಗುವುದಿಲ್ಲ. ಆಬ್ಜೆಕ್ಟ್ ಒಳಗೆ ಅದು ಇರುತ್ತದೆ, ಹೆಸರು ಹಿಡಿದು ಕರೆಯಲು ಮಾತ್ರ ಆಗುವುದಿಲ್ಲ. ಎಷ್ಟಿದೆ, ಕೊಡು ಮೆಥಡ್‌ಗಳ ಮೂಲಕವೇ ಹೋಗಿ. ಎರರ್ ಎದುರಾದ ಕೂಡಲೇ ಪ್ರೊಟೆಕ್ಟೆಡ್ ಮಾಡಿಬಿಡಬೇಡಿ. ಜಾವಾದಲ್ಲಿ ಪ್ರೊಟೆಕ್ಟೆಡ್ ಸಬ್‌ಕ್ಲಾಸ್‌ಗಳ ಜೊತೆಗೆ ಇಡೀ ಪ್ಯಾಕೇಜ್‌ಗೂ ಬಾಗಿಲು ತೆರೆಯುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ.

ಪ್ರೈವೇಟ್ ಹಾಕಿದರೆ ಪಾಸ್‌ವರ್ಡ್ ಭದ್ರವೇ? ಅಲ್ಲ. ರಿಫ್ಲೆಕ್ಷನ್ ಎಂಬ ಸೌಲಭ್ಯ ಬಳಸಿ ಪ್ರೈವೇಟ್ ಫೀಲ್ಡನ್ನೂ ಓದಲು ದಾರಿಗಳಿವೆ. ಪ್ರೈವೇಟ್ ಇರುವುದು ಪ್ರೋಗ್ರಾಮ್ ಬರೆಯುವವರ ಕೈತಪ್ಪನ್ನು ತಡೆಯಲು, ಕಳ್ಳರನ್ನು ತಡೆಯಲು ಅಲ್ಲ.

ಬೇರೆ ಭಾಷೆಯವರಿಗೆ

ಪೈಥಾನ್‌ನಲ್ಲಿ ಪ್ರೈವೇಟ್ ಎಂಬ ಕೀವರ್ಡೇ ಇಲ್ಲ. ಹೆಸರಿನ ಹಿಂದೆ ಅಂಡರ್‌ಸ್ಕೋರ್ ಹಾಕುತ್ತಾರೆ, ಫೀಲ್ಡನ್ನು ಕನ್‌ಸ್ಟ್ರಕ್ಟರ್‌ನಲ್ಲೇ ಹುಟ್ಟಿಸುತ್ತಾರೆ:

ಕ್ಲಾಸ್ ಗೋದಾಮು:
    ಡೆಫ್ __ಇನಿಟ್__(ಸೆಲ್ಫ್, ಶುರು):
        ಸೆಲ್ಫ್.__ಮೂಟೆ = ಶುರು

ಒಂದು ಅಂಡರ್‌ಸ್ಕೋರ್ ಹಾಕಿದರೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ವಿನಂತಿ ಮಾತ್ರ. ಎರಡು ಹಾಕಿದರೆ ಪೈಥಾನ್ ಆ ಹೆಸರನ್ನು ಒಳಗೊಳಗೇ ‘_ಗೋದಾಮು__ಮೂಟೆ’ ಎಂದು ಬದಲಿಸುತ್ತದೆ. ಆಗ ಹೊರಗಿನಿಂದ ಯಾರಾದರೂ ‘ಸಕಲೇಶಪುರ.__ಮೂಟೆ = 500’ ಎಂದು ಬರೆದರೆ ಎರರ್ ಬರುವುದಿಲ್ಲ! ಆ ಆಬ್ಜೆಕ್ಟ್‌ಗೆ ಅದೇ ಹೆಸರಿನ ಇನ್ನೊಂದು ವೇರಿಯಬಲ್ ಹೊಸದಾಗಿ ಅಂಟಿಕೊಳ್ಳುತ್ತದೆ, ಒಳಗಿನ ಲೆಕ್ಕ ಇದ್ದ ಹಾಗೇ ಇರುತ್ತದೆ. ಬರೆದವರು 500 ಆಯಿತು ಅಂದುಕೊಂಡು ಹೋಗಿರುತ್ತಾರೆ. ಸೆಲ್ಫ್ ಎಂದರೆ ಜಾವಾದ ದಿಸ್ ಇದ್ದ ಹಾಗೆ; ಮೆಥಡ್‌ನಲ್ಲಿ ಹೊಸ ವ್ಯಾಲ್ಯೂ ಇಡುವಾಗ ಅದನ್ನು ಬರೆಯಲು ಮರೆತರೆ ಮೂರನೇ ಹಂತದಲ್ಲಿ ಹೇಳಿದ ಲೋಕಲ್ ವೇರಿಯಬಲ್ ಕಥೆಯೇ ಇಲ್ಲೂ ಆಗುತ್ತದೆ. ಇನ್ನು ಜಾವಾ ಅಭ್ಯಾಸದಲ್ಲಿ ಕ್ಲಾಸಿನ ಕೆಳಗೆ ನೇರವಾಗಿ ‘ಚೀಟಿಗಳು = []’ ಎಂದು ಬರೆಯಬೇಡಿ. ಅದು ಎಲ್ಲ ಗೋದಾಮುಗಳಿಗೂ ಒಂದೇ ಲಿಸ್ಟ್ ಆಗುತ್ತದೆ, ಮೂಡಿಗೆರೆಯ ಚೀಟಿ ಸಕಲೇಶಪುರದಲ್ಲೂ ಕಾಣುತ್ತದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೈವೇಟ್ ಎಂದು ಬರೆದು ಕೋಲನ್ ಹಾಕಿದರೆ ಅದರ ಕೆಳಗಿನದೆಲ್ಲ, ಮುಂದೆ ಪಬ್ಲಿಕ್ ಎಂದು ಬರುವವರೆಗೆ, ಪ್ರೈವೇಟ್. ಅಲ್ಲಿ ಏನೂ ಬರೆಯದಿದ್ದರೂ ಕ್ಲಾಸಿನ ಸದಸ್ಯರೆಲ್ಲ ಪ್ರೈವೇಟೇ. ಸಿ ಶಾರ್ಪ್‌ನಲ್ಲೂ ಹಾಗೇ. ಪಿಎಚ್‌ಪಿಯಲ್ಲಿ ದಿಸ್ ನಂತರ ಬಾಣದ ಗುರುತು ಹಾಕಿ ಮೂಟೆ ಅಂತ ಬರೆಯಬೇಕು, ಮೂಟೆಯ ಹಿಂದೆ ಮತ್ತೆ ಡಾಲರ್ ಚಿಹ್ನೆ ಹಾಕಬಾರದು. ಹಾಕಿದರೆ ಅದು ಬೇರೆಯೇ ವೇರಿಯಬಲ್‌ನೊಳಗಿನ ಹೆಸರನ್ನು ಹುಡುಕಲು ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ 2022ರ ಆವೃತ್ತಿಯಿಂದ ಹೆಸರಿನ ಹಿಂದೆ # ಹಾಕಿದರೆ ನಿಜವಾದ ಪ್ರೈವೇಟ್ ಸಿಗುತ್ತದೆ. ‘#ಮೂಟೆ;’ ಎಂಬ ಸಾಲನ್ನು ಕ್ಲಾಸಿನೊಳಗೆ ಮೊದಲೇ ಬರೆದಿರಲೇಬೇಕು. ಕನ್‌ಸ್ಟ್ರಕ್ಟರ್‌ನಲ್ಲಿ ಮಾತ್ರ ಬರೆದರೆ ಸಿಂಟ್ಯಾಕ್ಸ್ ಎರರ್ ಬಂದು ಪ್ರೋಗ್ರಾಮ್ ಶುರುವೇ ಆಗುವುದಿಲ್ಲ.